ಬಿಳಿ ಸೀರೆಗೆ ಹೆದರಿದ ಊರು

ಗೆಳತಿಯರೇ, ಬಿಳಿ ಸೀರೆ ಉಟ್ಟು ಅಣ್ಣನ ಮೋಟರ್ ಸೈಕಲ್ ಹಿಂದೆ ಕೂತು, ಇವತ್ತು ಒಂದು ಊರಿನ ಗಂಡಸರನ್ನೆಲ್ಲ ಓಡಿಸಿ ಬಂದೆ.

ರವಿವಾರದ ತಿರುಗಾಟಕ್ಕೆ ವಿಜಾಪುರ ಬಿಡುವಾಗ ಎಲ್ಲಿಗೆ ಎಂದು ಕೇಳಿದರೆ ಅಣ್ಣ, “ಗಾಡಿ ಹೋದಲ್ಲಿಗೆ” ಎಂದಿದ್ದ. ಗಾಡಿ ತಿಕೋಟಾ ದಾಟಿ, ಬಬಲೇಶ್ವರದ ಕಡೆಯ ಮಣ್ಣುರಸ್ತೆಯಲ್ಲಿ ಒಂದು ಸಣ್ಣ ಊರಿನ ಮುಂದೆ ಕೆಟ್ಟು ನಿಂತಿತು. ಹಿಂದಿನಿಂದ ಇಬ್ಬರು ನೂಕಿದರೆ ಸಾಕಿತ್ತು. ಆದರೆ ಕಟ್ಟೆಯ ಮೇಲೆ ಹರಟುತ್ತಿದ್ದವರು ನಮ್ಮನ್ನು ಕಂಡದ್ದೇ ಜೋಳದ ಹೊಲಕ್ಕೆ ನುಗ್ಗಿದರು. ಒಬ್ಬನಂತೂ ಚಪ್ಪಲಿ ಬಿಟ್ಟೇ ಓಡಿದ.

ಬಾಗಿಲಲ್ಲಿದ್ದ ಅಜ್ಜಿ ಮುಖ ಗಂಟಿಕ್ಕಿದಳು. “ನಮ್ಮೂರಾಗ ಗಂಡಸರ ಇಲ್ರಿ. ನರ್ಸಬಾಯಾರನ್ನ ಕರ್ಕೊಂಡು ಮುಂದಿನ ಊರಿಗೆ ಹೋಗ್ರಿ.”

ಆಗ ಹೊಳೆಯಿತು. ಈ ಎಮರ್ಜೆನ್ಸಿಯಲ್ಲಿ ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದಂತೆ ಆಪರೇಷನ್ ಮಾಡಿಸುತ್ತಾರೆಂದು ಹಳ್ಳಿಗಳಲ್ಲೆಲ್ಲ ಹೆದರಿಕೆ. ನನ್ನ ಬಿಳಿ ಸೀರೆ, ಅಣ್ಣನ ಹೆಗಲಲ್ಲಿ ರೊಟ್ಟಿ ತುಂಬಿದ, ಡಾಕ್ಟರರದರಂಥ ಚರ್ಮದ ಚೀಲ. ಇನ್ನೇನು ಬೇಕು!

“ನಾ ನರ್ಸ್ ಅಲ್ಲಬೇ ಯಮ್ಮಾ, ಸಾಲ್ಯಾಗ ಕಲಿಸ್ತೀನಿ” ಎಂದು ಆಣೆ ಮಾಡಿದರೂ ಅಜ್ಜಿ ನಂಬಲಿಲ್ಲ. ಕೊನೆಗೆ ಅಣ್ಣ ನನ್ನನ್ನೇ ನೂಕಲು ಹಚ್ಚಿದ. ಸೀರೆಯೆಲ್ಲ ಕರಿಮಣ್ಣು.

ಅಷ್ಟರಲ್ಲಿ ಐದು ಮಕ್ಕಳ ದಂಡು ಕಟ್ಟಿಕೊಂಡು ಒಬ್ಬಾಕೆ ಬಂದು ಕೈ ಹಚ್ಚಿದಳು. ಗಾಡಿ ಶುರುವಾಯಿತು. ನಾನು ಹತ್ತುವಾಗ ಆಕೆ ಆ ಚಪ್ಪಲಿ ತೋರಿಸಿ ಕಿವಿಯಲ್ಲಿ ಅಂದಳು:

“ಅಕ್ಕಾರ, ಇವು ನಮ್ಮನಿಯವರವು. ಎಡಕಿನ ಹೊಲದಾಗ ಕುಂತಾರ. ಬರಿಗಾಲಾಗ ಭಾಳ ದೂರ ಓಡಂಗಿಲ್ಲ, ಹಿಡೀರಿ.”

ಸೀರೆ ಒಗೆದು ಒಣಹಾಕಿದ್ದೇನೆ. ಮುಂದಿನ ರವಿವಾರ ಬೇಕಾಗಬಹುದು.