ಹನ್ನೊಂದು ಗಂಟೆಯ ನೀರು

ಮೂರು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಸೋಮವಾರ, ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗ ನಾನು ತಣಿಸಂದ್ರದ ಹತ್ತಿರದ ಒಂದು ಕೆರೆಯ ತೂಬಿನ ಕಲ್ಲಿನ ಮೇಲೆ ನಿಂತಿದ್ದೆ. ದಡದಿಂದ ದಡಕ್ಕೆ ಸತ್ತ ಮೀನುಗಳ ಬಿಳಿ ಹೊಟ್ಟೆ ತೇಲುತ್ತಿತ್ತು. ಮೀನು ಸಾಕಲು ಕೆರೆಯನ್ನು ಗುತ್ತಿಗೆ ಹಿಡಿದಿದ್ದ ಮುನಿಯಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಅವನ್ನು ಬಾಚಿ ಕೊಡುತ್ತಿದ್ದರು. ಅವರ ಹೆಂಡತಿ ಜಯಮ್ಮ ದಡದಲ್ಲಿ ಬುಟ್ಟಿ ಹಿಡಿದಿದ್ದರು.

ಕೆರೆಯಲ್ಲಿ ಮೀನಿಗೆ ಸಾಕಷ್ಟು ಆಮ್ಲಜನಕವಿದೆ ಎಂದು ಗಣಿತದ ಮಾದರಿ ಕಟ್ಟಿ ವರದಿ ಕೊಟ್ಟವನು ನಾನು. ಅದನ್ನು ನಂಬಿ, ನಮ್ಮ ಕಚೇರಿಯ ಮೇಲಧಿಕಾರಿಗಳು ಕೊಳಚೆ ಕಾಲುವೆಯನ್ನು ಕೆರೆಯಿಂದ ಆಚೆ ತಿರುಗಿಸುವ ಕೆಲಸವನ್ನು ಮುಂದೂಡಿದ್ದರು.

"ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ, ಒಂದ್ಸಲ ಬಂದು ನೋಡಿ ಸಾ" ಎಂದು ಮುನಿಯಪ್ಪ ಎರಡು ಸಲ ಕರೆದಿದ್ದರು. ನಮ್ಮ ಜೀಪು ಕಚೇರಿ ಬಿಡುತ್ತಿದ್ದುದೇ ಹತ್ತಕ್ಕೆ. ವರ್ಷವಿಡೀ ನಾವು ನೀರು ಅಳೆದದ್ದು ಹನ್ನೊಂದರ ಬಿಸಿಲಿನಲ್ಲಿ, ಪಾಚಿ ಆಮ್ಲಜನಕ ಬಿಡುವ ಹೊತ್ತಿನಲ್ಲಿ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಹೀರಿಕೊಂಡು, ಬೆಳಗಾಗುವಷ್ಟರಲ್ಲಿ ಅದು ಬರಿದಾಗುತ್ತದೆಂದು ನನಗೆ ಗೊತ್ತಿತ್ತು. ಮಾದರಿಗೆ ಅದನ್ನು ಸೇರಿಸಿರಲಿಲ್ಲ.

ಮುನಿಯಪ್ಪ ತಲೆಯೆತ್ತಿ ನೋಡಿದರು. "ಏನ್ ಸಾ, ಇಷ್ಟೊತ್ತಿಗೇ ಎದ್ದು ಬಂದ್ಬುಟ್ರಿ? ಕಾಪಿ ಆಯ್ತಾ?"

ಕಚೇರಿಯ ಕಡತದಲ್ಲಿ ಆ ವರದಿ ಇವತ್ತಿಗೂ ಹಾಗೇ ಇದೆ. ತಿದ್ದಲು ಎರಡು ಸಲ ಬರೆದುಕೊಟ್ಟೆ, ಯಾರೂ ತಿದ್ದಲಿಲ್ಲ. ಮುನಿಯಪ್ಪ ಹೋದ ವರ್ಷ ತೀರಿಕೊಂಡರು. ಅಂದು ಅಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಉಳಿದಿರುವವರು ಜಯಮ್ಮ ಒಬ್ಬರೇ. ಈಗ ಸಹಕಾರನಗರದಲ್ಲಿ ಸೊಪ್ಪು ಮಾರುತ್ತಾರೆ.