ಹತ್ತು ಬೋರೆಹಣ್ಣಿನ ಚರಟ

ಪೇಟೆಯ ಔಷಧದಂಗಡಿಯಲ್ಲಿ ಮೂವತ್ತೆರಡು ವರ್ಷ ಬೇರು ಹೆಚ್ಚಿದವನು ಹ್ವೋ ಲಾಚೆಂಗ್. ನಾಡಿ ಹಿಡಿ ಎಂದು ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ವೈದ್ಯರು ಬರೆದರು, ಇವನು ಹೆಚ್ಚಿದ. ರೋಗಿ ಉಳಿದರೆ ವೈದ್ಯರ ಕೈಗುಣ, ಸತ್ತರೆ ಹಣೆಬರಹ. ಕೊನೆಗೆ ಹತ್ತು ಬೆರಳಲ್ಲಿ ಒಂಬತ್ತೂವರೆ ಉಳಿಸಿಕೊಂಡು ನದಿದಂಡೆಯ ತನ್ನೂರಿಗೆ ಬಂದು, ಗುಡ್ಡ ಕೊರೆದ ಮನೆಯಲ್ಲಿ ಒಲೆ ಹೂಡಿದ.

ಆ ಊರಲ್ಲಿ ಕಷಾಯ ಕುಡಿದವರು ಚರಟವನ್ನು ಕೂಡುದಾರಿಗೆ ತಂದು ಸುರಿಯುತ್ತಾರೆ. ತುಳಿದವರ ಕಾಲಿಗೆ ಹತ್ತಿ ರೋಗ ಊರಾಚೆ ಹೋಗಲಿ ಎಂದು. ಉಳಿದವರು ತುಳಿದುಕೊಂಡು ಹೋದರೆ ಲಾಚೆಂಗ್ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಕೆದಕುತ್ತಿದ್ದ. ಯಾರಿಗೆ ಕೆಮ್ಮು, ಯಾರ ಸೊಸೆಗೆ ಬಯಕೆ, ಎಲ್ಲ ತಿಳಿಯುತ್ತಿತ್ತು. ತಿಳಿದದ್ದನ್ನು ನುಂಗಿಕೊಂಡಿದ್ದರೆ ಚೆನ್ನಾಗಿತ್ತು. ಹಿಂದಿನ ವರ್ಷ ಬಾವಿಕಟ್ಟೆಯಲ್ಲಿ, ತನಗೆ ನಲವತ್ತೊಂಬತ್ತು ಎನ್ನುತ್ತಿದ್ದ ಮದುವೆದಲ್ಲಾಳಿ ಹೆಂಗಸು ಕೂದಲು ಕಪ್ಪಾಗಲು ಕಷಾಯ ಕುಡಿಯುತ್ತಾಳೆಂದು ಅಂದುಬಿಟ್ಟ. ಆಕೆ ಪೊರಕೆ ತಂದಳು. ಹಿರಿಯರು ಸೇರಿ, ಚರಟದ ಸುದ್ದಿ ಇನ್ನು ನಿನ್ನ ಬಾಯಲ್ಲಿ ಬರಕೂಡದು ಎಂದು ಮಾತು ತೆಗೆದುಕೊಂಡರು. ಕೊಟ್ಟ. ನೋಡಕೂಡದು ಎಂದು ಯಾರೂ ಹೇಳಲಿಲ್ಲ.

ಶರತ್ಕಾಲದ ಒಂದು ಮುಂಜಾನೆ ಕೂಡುದಾರಿಯಲ್ಲಿ ಬೆಂದ ಬೋರೆಹಣ್ಣಿನ ಸಿಪ್ಪೆ, ಬೀಜ ಬಿದ್ದಿದ್ದವು. ಎಣಿಸಿದ: ಹತ್ತು. ಬೇರೇನೂ ಇಲ್ಲ. ಬೋರೆಮರವೇ ತುಂಬಿದ ಊರಲ್ಲಿ ಬೆಂದ ಹಣ್ಣು ಹಂದಿಗೆ ಹೋಗುತ್ತದೆಯೇ ಹೊರತು ದಾರಿಗೆ ಬರುವುದಿಲ್ಲ. ಹತ್ತೇ ಹತ್ತು ಹಣ್ಣು ಬೇಯಿಸಿ ಚರಟ ಚೆಲ್ಲಿದರೆಂದರೆ ಔಷಧ ಒಂದೇ. ಎರಡು ಉಗ್ರ ಬೇರು, ಒಂದು ಉಗ್ರ ಹೂವು ಅರೆದ ಚಿಟಿಕೆ ಪುಡಿಯನ್ನು ಆ ಹಣ್ಣಿನ ರಸದಲ್ಲಿ ಬೆಳಗಿನ ಜಾವ ಖಾಲಿ ಹೊಟ್ಟೆಗೆ ಕುಡಿಸುವುದು. ಎದೆಹೊಟ್ಟೆಯಲ್ಲಿ ನಿಂತ ನೀರು ಮಧ್ಯಾಹ್ನದೊಳಗೆ ಇಳಿಯಬೇಕು. ಹಣ್ಣಿರುವುದು ರುಚಿಗಲ್ಲ, ಕರುಳು ಉಳಿಯಲಿ ಎಂದು. ಯಾರಿಗೋ ನೀರು ತುಂಬಿದೆ ಎಂದುಕೊಂಡು ಎದ್ದುಹೋದ.

ಒಂದು ದಿನ ಬಿಟ್ಟು ಮತ್ತೆ ಹತ್ತು ಹಣ್ಣು. ಈ ಸಲ ಜೊತೆಗೆ ಮೂರು ಬಿಲ್ಲೆ ಜೇಷ್ಠಮಧು. ಲಾಚೆಂಗನಿಗೆ ಮೊದಲು ಸಿಟ್ಟು ಬಂದದ್ದು ಅದನ್ನು ಓರೆಯಾಗಿ ಹೆಚ್ಚದೆ ಸೌತೆಕಾಯಿಯಂತೆ ಕೊಚ್ಚಿದ್ದಕ್ಕೆ. ಆಮೇಲೆ ಕಡ್ಡಿ ಎಸೆದು, ಮೂರೂ ಬಿಲ್ಲೆಗಳನ್ನು ಮತ್ತೆ ಮೂಸಿ ನೋಡಿದ. ಜೇಷ್ಠಮಧು ಔಷಧಗಳ ನಡುವೆ ಊರಗೌಡನಿದ್ದ ಹಾಗೆ, ಯಾರ ಜಗಳವಿದ್ದರೂ ರಾಜಿ ಮಾಡಿಸುತ್ತದೆ. ಪುಡಿಯಲ್ಲಿನ ಆ ಎರಡು ಬೇರು, ಒಂದು ಹೂವಿನ ಜೊತೆ ಮಾತ್ರ ಅದಕ್ಕೆ ಪ್ರಾಣ ತೆಗೆಯುವ ವೈರ. ಅಂಗಡಿಗೆ ಸೇರಿದ ಮೊದಲ ವಾರ ಕಿವಿ ಹಿಂಡಿ ಬಾಯಿಪಾಠ ಮಾಡಿಸಿದ್ದರು. ಒಂದು ಸಲ ಕುಡಿದವನು ಬದುಕಿರಬಹುದು. ನಾಳಿದ್ದು ಇನ್ನೊಂದು ಚಿಟಿಕೆ ಹೆಚ್ಚು ಕೊಡುತ್ತಾರೆ. ಅಷ್ಟರೊಳಗೆ ಮನೆ ಹುಡುಕಬೇಕು. ಬಾಯಿ ಬಿಡುವಂತಿಲ್ಲ.

ದಾರಿ ಹೊಳೆದದ್ದು ಗಡಿಗೆಯಿಂದ. ಊರಿಗೆಲ್ಲ ಕಷಾಯದ ಗಡಿಗೆ ಒಂದೇ. ತೆಗೆದುಕೊಂಡು ಹೋದವರು ಹಿಂದಿರುಗಿಸುವಂತಿಲ್ಲ, ರೋಗವನ್ನೇ ಬಾಗಿಲಿಗೆ ತಂದಿಟ್ಟ ಹಾಗೆ. ಮುಂದಿನ ರೋಗಿಯ ಕಡೆಯವರೇ ಬಂದು ಒಯ್ಯಬೇಕು. ಬಂದು ಕೇಳಿದವರಿಗೆ ಇಲ್ಲವೆನ್ನುವಂತೆಯೂ ಇಲ್ಲ.

ಬೇಸಗೆಯಲ್ಲಿ ಗಡಿಗೆ ಇದ್ದದ್ದು ಕುರಿಗಾರನ ಮುದುಕಿಯ ಮನೆಯಲ್ಲಿ.

“ಗಡಿಗೆ ಬೇಕಿತ್ತು, ಅತ್ತಿಗೆ.”

“ಏನಾಗೈತೆ ನಿಂಗೆ?”

“ಕಾಲು ಬಾತೈತೆ.”

“ಕಂಡೋರ ಚರಟ ಕೆದಕಿದ್ರೆ ಇನ್ನೇನಾಯ್ತದೆ? ನನ್ನತ್ರ ಇಲ್ಲ ಕಣಪ್ಪ. ಎಣ್ಣೆ ಗಾಣದೋರು ತಗೊಂಡೋದ್ರು.”

ಗಾಣದವರು ಅಂಬಿಗರ ಮನೆ ತೋರಿಸಿದರು. ಅಷ್ಟರೊಳಗೆ ಲಾಚೆಂಗನ ಕಾಲು ಬಾತ ಸುದ್ದಿ ಊರು ಸುತ್ತಿತ್ತು. ಇಬ್ಬರು ಹೆಂಗಸರು ಮೊಟ್ಟೆ ತಂದುಕೊಟ್ಟರು. ಬೇಡವೆಂದರೆ ಮಾತು ಬೆಳೆಯುತ್ತದೆಂದು ಇಟ್ಟುಕೊಂಡ.

ಅಂಬಿಗ ರೆನ್ ಮಾನ್‌ತುನ್ ಎಂಟು ದಿನದಿಂದ ದೋಣಿಗೆ ಅಳಿಯನನ್ನು ಕಳಿಸುತ್ತಿದ್ದ. ಬಾಗಿಲಿಗೆ ಅಂಬಿಗನ ಹೆಂಡತಿ ಯಿನ್‌ಹ್ವಾನ್ ಅಡ್ಡ ನಿಂತಳು.

“ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ, ಮಾವ.”

“ನಾನು ಕೇಳಿದ್ನಾ? ಗಡಿಗೆ ಕೊಡವ್ವ.”

ಅವಳು ಒಳಗೆ ನೋಡಿದಳು, ಹೊರಗೆ ನೋಡಿದಳು. ಪದ್ಧತಿ ಪದ್ಧತಿಯೇ. ಗಡಿಗೆ ತಂದು ಅವನ ಕೈಗಿಟ್ಟಳು. ಅದು ಕೈ ಬದಲಾಯಿಸುತ್ತಿದ್ದಂತೆ ಒಳಗೆ, ಅಡಿಯಲ್ಲಿ ಬೆಂಕಿ ಹಾಕಿ ಮಲಗುವ ಬಿಸಿಜಗಲಿಯಿಂದ ದನಿ ಬಂತು.

“ಲೇ, ಅದ ಕೊಟ್ಟುಬಿಟ್ರೆ ನಾಳಿದ್ದು ನಂಗೆ ಏನ್ರಲ್ಲಿ ಕುದಿಸ್ತೀಯೆ?”

ಲಾಚೆಂಗ್ ಗಡಿಗೆ ಹಿಡಿದೇ ಒಳಗೆ ನಡೆದ. ಮಾನ್‌ತುನ್ ಒರಗಿ ಕೂತಿದ್ದ. ಹೊಟ್ಟೆ ಬೋರಲು ಹಾಕಿದ ದೋಣಿಯಂತಿತ್ತು, ಮುಖ ಸುಣ್ಣ.

“ಬಂದ್ಯಾ ನಾಯಿಮೂಗಿನೋನೆ. ಹೋಗಿ ಸಾರು, ಅಂಬಿಗನ ಹೊಟ್ಟೇಲಿ ನೀರು ತುಂಬೈತೆ ಅಂತ. ನೀರು ತುಂಬಿದ ದೋಣಿಗೆ ಯಾವನ್ಲಾ ಹತ್ತುತ್ತಾನೆ?”

“ಸಾರಾಕೆ ಬಂದಿಲ್ಲ. ಜೇಷ್ಠಮಧು ಯಾರು ಹಾಕಿದ್ದು?”

ಹಿರಿಯರಿಗೆ ಕೊಟ್ಟ ಮಾತು ಮುರಿದುಹೋಯಿತು. ಮುರಿದದ್ದು ಅವನಿಗೂ ಗೊತ್ತಾಯಿತು.

“ನಾನೇ,” ಅಂದಳು ಯಿನ್‌ಹ್ವಾನ್. “ಮೊದಲ ದಿನ ಗಂಟಲು ಉರೀತದೆ ಅಂತ ಬಟ್ಟಲು ಎಸೆದ್ರು. ಒಸಿ ಸೀ ಆಗ್ಲಿ ಅಂತ...”

“ಬೇರೇನೂ ಹಾಕಬ್ಯಾಡ ಅಂದಿರಲಿಲ್ವಾ ವೈದ್ಯರು?”

“ಅಂದಿದ್ರು. ಜೇಷ್ಠಮಧು ಬೇರೇನಾ, ಮಾವ? ಅದು ಎಲ್ಲದ್ರಾಗೂ ಇರ್ತದಲ್ಲ, ಉಪ್ಪಿನಂಗೆ!”

ಲಾಚೆಂಗ್ ಎರಡು ಮಾತಲ್ಲಿ ಹೇಳಿದ. ಅವಳು ಉಳಿದ ಜೇಷ್ಠಮಧುವನ್ನು ಗೂಡಿನಿಂದ ತೆಗೆದು ಒಲೆಗೆ ಎಸೆದಳು. ಮಾನ್‌ತುನ್ “ಅದಕ್ಕೇ ಬೆಳಗ್ಗೆ ಸೂರು ತಿರುಗ್ತು,” ಅಂದ. “ಮನೆಯೋಳ ಪ್ರೀತಿ ಅಂದ್ಕಂಡೆ.”

ಅಳಿಯ ಹೋಗಿ ವೈದ್ಯರನ್ನು ಹೇಸರಗತ್ತೆಯ ಮೇಲೆ ಕರೆತಂದ. ಅವರು ಎಲ್ಲರನ್ನೂ ಸರದಿಯ ಮೇಲೆ ಬೈದರು, ಲಾಚೆಂಗನನ್ನೂ. ಮೂರು ದಿನ ಔಷಧ ನಿಲ್ಲಿಸಿ, ನಾಲ್ಕನೆಯ ಬೆಳಗಿಗೆ ಅರ್ಧ ಚಿಟಿಕೆ ಎಂದು ಅಳೆದು ಕೊಟ್ಟರು. ತಡೆದುಕೊಂಡರೆ ಉಳಿಯುತ್ತಾನೆ ಎಂದರು.

ಆ ಬೆಳಗ್ಗೆ ಹಣ್ಣು ಬೇಯಿಸಿದವನು ಲಾಚೆಂಗ್. ಹತ್ತನ್ನೂ ತಾನೇ ಎಣಿಸಿ ಹಾಕಿದ, ಯಿನ್‌ಹ್ವಾನಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಮಾನ್‌ತುನ್ ಕುಡಿದ. ಹೊತ್ತು ಮಾರುದ್ದ ಏರುವ ಮೊದಲೇ ಹಿತ್ತಿಲಿಗೆ ಓಡಿದ. ಬಂದು ಲಾಚೆಂಗನ ತಾಯಿಯನ್ನು ಬೈದ. ಎರಡನೆಯ ಸಲ ಅಜ್ಜಿಯನ್ನು. ಐದನೆಯ ಸಲಕ್ಕೆ ಅಂಗಡಿಯವರನ್ನೆಲ್ಲ ಮುಗಿಸಿದ. ಆರನೆಯ ಸಲ ಬಂದವನಿಗೆ ಬೈಯಲು ತ್ರಾಣವಿರಲಿಲ್ಲ. ಹೆಂಡತಿ ಬಾಯಿಗೆ ಅಂಗಿಯ ತೋಳು ತುರುಕಿಕೊಂಡಳು. ಲಾಚೆಂಗ್ ನವಣೆ ಗಂಜಿ ತಿರುವುವುದನ್ನು ಮರೆತು ಅವನ ಉಸಿರನ್ನೇ ನೋಡುತ್ತಿದ್ದ. ಏಳನೆಯ ಸಲ ಗೋಡೆ ಹಿಡಿದು ಬಂದ. ಒಂದು ಕೈಯಲ್ಲಿ ಜಾರುವ ಷರಾಯಿ ಹಿಡಿದುಕೊಂಡಿದ್ದ, ಲಾಡಿ ಗೇಣುದ್ದ ಸಡಿಲವಾಗಿತ್ತು. ಜಗಲಿಯ ಮೇಲೆ ಚಪ್ಪಟೆಯಾಗಿ ಮಲಗಿದ. ಹಾಗೆ ಮಲಗಿ ತಿಂಗಳಾಗಿತ್ತು.

ಸ್ವಲ್ಪ ಹೊತ್ತಿಗೆ ಮೂಗರಳಿಸಿದ.

“ಲೋ, ಗಂಜಿ ತಳ ಹಿಡೀತಾ ಐತೆ.”

ತಳ ಹಿಡಿದಿತ್ತು. ಅದನ್ನೇ ಮೂರು ಬಟ್ಟಲು ಉಂಡ.