ಇಟ್ಟಿಗೆ ಆಟಕ್ಕೆ ಸದ್ದಿಲ್ಲ ಎಂದು ಬರೆದ ಮೇಸ್ತ್ರಿ

ಕಳೆದ ತಿಂಗಳು ನನ್ನ ಹೆಂಡತಿ ಹಳೆಯ ಹೊಲಿಗೆ ಯಂತ್ರವನ್ನು ಅಟ್ಟದಿಂದ ಇಳಿಸಿ, ಅದಕ್ಕೆ ಎಣ್ಣೆ ಬಿಡಲು ನನ್ನನ್ನು ಕೂರಿಸಿದಳು. ಉದ್ದ ಮೂತಿಯ ಸಣ್ಣ ಡಬ್ಬಿ. ಅಡಿ ಅದುಮಿದರೆ ಟಿಕ್ ಎಂದು ಒಂದು ಹನಿ. ನಾಲ್ಕನೆಯ ಹನಿಗೋ ಐದನೆಯದಕ್ಕೋ ಆ ವಾಸನೆ ಮೂಗಿಗೆ ಬಡಿಯಿತು. ಕಬ್ಬಿಣಕ್ಕೂ ಎಣ್ಣೆಗೂ ನಂಟು ಬೆಳೆದ ವಾಸನೆ. ನನ್ನ ಕೈ ನಿಂತುಬಿಟ್ಟಿತು. "ಯಾಕ್ರೀ, ಎಣ್ಣೆ ಮುಗೀತಾ?" ಎಂದಳು. ಇಲ್ಲ ಎಂದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮೇಸ್ತ್ರಿ ನೆನಪಾಗಿದ್ದರು. ಅವರು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಯಾಕೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಅವಳಿಗೂ.

ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ, ವಿದ್ಯುತ್ ಮಗ್ಗ ರಿಪೇರಿ ಮಾಡುವವರು. ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯೇ ಇರಲಿಲ್ಲ. ನಮ್ಮದು ಎರಡು ಮಗ್ಗದ ಮನೆ. ಮುಂದಿನ ಹಾಲಿನಲ್ಲಿ ಮಗ್ಗ, ಹಿಂದೆ ನಾವು. ಲಾಳಿ ಸರಿಯಾಗಿ ಓಡುತ್ತಿಲ್ಲ, ನೂಲು ಪದೇಪದೇ ಕಡಿಯುತ್ತಿದೆ ಎಂದರೆ ಮೇಸ್ತ್ರಿಗೆ ಹೇಳಿಕಳುಹಿಸುತ್ತಿದ್ದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಖಾಕಿ ಚಡ್ಡಿ, ಎಣ್ಣೆ ಕುಡಿದು ಕಪ್ಪಾದ ಬೆರಳು. ಬಂದವರೇ ಯಾವುದನ್ನೂ ಬಿಚ್ಚುತ್ತಿರಲಿಲ್ಲ. ಮಗ್ಗ ಓಡಿಸಲು ಹೇಳಿ, ಅದರ ಚೌಕಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಇಂಥ ಕಡೆ ಚಕ್ರದ ಹಲ್ಲು ಸವೆದಿದೆ ಎಂದು ತೋರಿಸುತ್ತಿದ್ದರು. ತಪ್ಪಿದ್ದು ನಾನು ಕಾಣೆ. "ನಮ್ಮ ಮೇಸ್ತ್ರಿ ಕಿವಿ ಅಂದ್ರೆ ಕಿವಿ. ಸದ್ದು ಕೇಳಿ ರೋಗ ಹಿಡೀತಾರೆ" ಎಂದು ಊರೆಲ್ಲ ಹೇಳುತ್ತಿತ್ತು. ಆ ಕಿವಿಯ ಹೆಸರಿನಿಂದಲೇ ಅವರ ಮನೆ ನಡೆಯುತ್ತಿತ್ತು. ಹೆಂಡತಿ ತೀರಿಕೊಂಡಿದ್ದರು, ಶಾಲೆಗೆ ಹೋಗುವ ಮಗಳೊಬ್ಬಳಿದ್ದಳು.

ತೊಂಬತ್ತರ ದಶಕದ ನಡುವಿನ ಮಾತು. ಬೀದಿಯ ತುದಿಯಲ್ಲಿ ಒಬ್ಬರು ವಿಡಿಯೋ ಗೇಮ್ ಅಂಗಡಿ ತೆರೆದರು. ನಾಲ್ಕು ಹಳೆಯ ಟೀವಿ, ಪ್ರತಿಯೊಂದರ ಮುಂದೆ ಒಂದು ಬೆಂಚು, ಆಟದ ಕ್ಯಾಸೆಟ್ಟುಗಳ ಒಂದು ಟ್ರೇ. ಆಗ ನಮ್ಮಲ್ಲಿ ಮಧ್ಯಾಹ್ನ ಮೂರು ಫೇಸ್ ಕರೆಂಟು ಹೋಗಿ ಒಂದೇ ಫೇಸ್ ಉಳಿಯುತ್ತಿತ್ತು. ಮಗ್ಗ ನಿಲ್ಲುತ್ತಿತ್ತು, ಟೀವಿ ಓಡುತ್ತಿತ್ತು. ಬೀದಿಗೆ ಬೀದಿಯೇ ಒಮ್ಮೆಲೇ ಮೌನವಾದ ಆ ಹೊತ್ತಿಗೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಅಂಗಡಿಗೆ ಹೋಗಿ, ಶಾಲೆ ಕಾಲೇಜು ಹುಡುಗರ ನಡುವೆ ಕೂರುತ್ತಿದ್ದರು. ಅವರು ಆಡುತ್ತಿದ್ದುದು ಒಂದೇ ಆಟ, ಮೇಲಿಂದ ಇಟ್ಟಿಗೆ ಬೀಳುವ ಆಟ. ಬೀಳುವ ತುಂಡುಗಳನ್ನು ತಿರುಗಿಸಿ, ತೂತು ಬಿಡದೆ ಸಾಲು ತುಂಬಬೇಕು. ಆ ಆಟದಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಹುಡುಗರು ತಮ್ಮ ಆಟ ಬಿಟ್ಟು ಬಂದು ಹಿಂದೆ ನಿಂತು ನೋಡುತ್ತಿದ್ದರು.

ಆ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಬೀದಿಯ ಗೆಳೆಯರ ಬಳಗದವರು ಅಂಗಡಿಯವರ ಜೊತೆ ಸೇರಿ ಒಂದು ಸ್ಪರ್ಧೆ ಇಟ್ಟರು. ಮೆಚ್ಚಿನ ವಿಡಿಯೋ ಗೇಮಿನ ಬಗ್ಗೆ ಎರಡು ಪುಟ ವಿಮರ್ಶೆ ಬರೆಯಬೇಕು. ಕತೆ ಹೇಳಿದರೆ ಸಾಲದು, ಆಟದಲ್ಲಿ ಏನು ಚೆನ್ನಾಗಿದೆ, ಏನು ಕೊರತೆ ಎಂದು ತೂಗಿ ಹೇಳಬೇಕು. ವಯಸ್ಸಿನ ಮಿತಿಯಿಲ್ಲ. ಗೆದ್ದವರಿಗೆ ಒಂದು ತಿಂಗಳು ಬಿಟ್ಟಿ ಆಟ. ತೀರ್ಪುಗಾರ ನಾನು. ಬಿ.ಎ. ಕೊನೆಯ ವರ್ಷದಲ್ಲಿದ್ದೆ, ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ವಿಮರ್ಶೆ ಬರೆಯುತ್ತಿದ್ದೆ, ಹೆಗಲಿಗೆ ಜೋಳಿಗೆ ಚೀಲ ಬೇರೆ. ಬೀದಿಯಲ್ಲಿ ನನ್ನನ್ನು ಬಿಟ್ಟರೆ ಸಾಹಿತ್ಯ ಗೊತ್ತಿರುವವರು ಯಾರಿದ್ದಾರೆ ಎಂಬ ಧಿಮಾಕು ನನಗಿತ್ತು.

ಇಪ್ಪತ್ತೊಂದು ಬರಹ ಬಂದವು. ಅಂಗಡಿಯವರು ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ನಂಬರು ಹಾಕಿ ಕೊಟ್ಟರು. ಒಂಬತ್ತನೆಯ ನಂಬರಿನ ಹಾಳೆಯ ಅಂಚಿನಲ್ಲಿ ಎಣ್ಣೆಯ ಹೆಬ್ಬೆಟ್ಟಿನ ಗುರುತಿತ್ತು.

ಮುಂದೆ ಈ ಪ್ರಸಂಗದ ಬಗ್ಗೆ ಒಂದಿಬ್ಬರು ಕೇಳಿದಾಗ, ಅದು ಯಾರ ಬರಹ ಎಂದು ನನಗೆ ಗೊತ್ತಿರಲಿಲ್ಲ ಎಂದಿದ್ದೇನೆ. ಸುಳ್ಳು. ನೋಡಿದ ಕೂಡಲೇ ಗೊತ್ತಾಗಿತ್ತು. ಮಗ್ಗಕ್ಕೆ ಯಾವತ್ತು ಎಣ್ಣೆ ಬಿಟ್ಟರು ಎಂದು ನಮ್ಮ ಗೋಡೆಯ ಮೇಲೆ ಮೇಸ್ತ್ರಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಅದೇ ದುಂಡನೆಯ, ಬಲಕ್ಕೆ ವಾಲಿದ ಅಕ್ಷರ.

ಆ ಹಾಳೆ ಈಗ ನನ್ನ ಬಳಿ ಇಲ್ಲ. ಆದರೆ ಹಲವು ಸಾಲುಗಳು ಇವತ್ತಿಗೂ ಬಾಯಿಗೆ ಬರುತ್ತವೆ. "ಈ ಆಟದಲ್ಲಿ ಉದ್ದನೆ ಕಡ್ಡಿ ಬರಲಿ ಅಂತ ಕಾಯಬಾರದು. ಕಾದವನು ಸೋಲುತ್ತಾನೆ. ಕೈಗೆ ಬಂದಿದ್ದನ್ನು ಕೂರಿಸೋನಿಗೆ ಆಟ ಉದ್ದ." ಇನ್ನೊಂದು ಕಡೆ, "ಗೆದ್ದೆ ಅಂತ ಈ ಆಟ ಯಾವತ್ತೂ ಹೇಳಲ್ಲ. ಸೋತಾಗ ಮಾತ್ರ ಹೇಳುತ್ತೆ. ಇದು ಇದರ ಕೊರತೆ." ಕೊನೆಗೆ, "ಟ್ಯಾಂಕಿನ ಆಟದಲ್ಲಿ ಡಂ ಅನ್ನುವುದು ಎದೆಗೆ ಬಡಿಯುತ್ತೆ. ಈ ಆಟಕ್ಕೆ ಸದ್ದೇ ಇಲ್ಲ. ದಿನವೆಲ್ಲ ಮಗ್ಗದ ಮದ್ಯೆ ಇರೋರಿಗೆ ಇದಕ್ಕಿಂತ ಒಳ್ಳೆ ಆಟ ಇಲ್ಲ."

ಮಧ್ಯೆ ಎಂಬುದನ್ನು ಮದ್ಯೆ ಎಂದು ಬರೆದಿದ್ದರು. ನಾನು ಅದರ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಇಪ್ಪತ್ತೊಂದರಲ್ಲಿ ಆಟವನ್ನು ನಿಜವಾಗಿ ಆಡಿ, ಯೋಚಿಸಿ ಬರೆದದ್ದು ಅದೊಂದೇ ಎಂದು ಅವತ್ತೇ ನನಗೆ ಅನ್ನಿಸಿತ್ತು. ಆದರೂ ಮೊದಲ ಬಹುಮಾನವನ್ನು ನನ್ನದೇ ಕಾಲೇಜಿನ ಒಬ್ಬನಿಗೆ ಕೊಟ್ಟೆ. ಅವನ ಬರಹದಲ್ಲಿ ಆಟಕ್ಕಿಂತ ಹೆಚ್ಚಾಗಿ ನಾನು ಭಿತ್ತಿಪತ್ರಿಕೆಯಲ್ಲಿ ಬಳಸುವ ಪದಗಳಿದ್ದವು. ಖಾಕಿ ಚಡ್ಡಿಯ ಮೇಸ್ತ್ರಿಗೆ ಮೊದಲ ಬಹುಮಾನ ಕೊಟ್ಟರೆ ಜನ ನನ್ನ ತೀರ್ಪಿಗೆ ನಗುತ್ತಾರೆ ಎಂಬ ಭಯವೂ ಇತ್ತು… ಇದ್ದದ್ದು ಬಹುಶಃ ಅದೊಂದೇ.

ಸದ್ದೇ ಇಲ್ಲ ಎಂಬ ಮಾತಂತೂ ನನಗೆ ಭಾರಿ ತಮಾಷೆಯಾಗಿ ಕಂಡಿತು. ಆ ಆಟದ ಕೀರಲು ಸಂಗೀತ ಅಂಗಡಿಯ ಹೊರಗೆ ಹೋಗುವವರಿಗೂ ಬಾಯಿಪಾಠವಾಗಿತ್ತು. ಅಷ್ಟು ದಿನ ಆಡಿದ ಮನುಷ್ಯ ಹೀಗೇಕೆ ಬರೆದ ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಕಾರ್ಯಕ್ರಮ ಸಂಜೆ ಐದಕ್ಕೆ. ಬೀದಿಗೆ ಅಡ್ಡಲಾಗಿ ಶಾಮಿಯಾನ, ಮೂರು ಮಂಚ ಜೋಡಿಸಿದ ವೇದಿಕೆ, ಅದರ ಮೇಲೆ ಅಂಗಡಿಯಿಂದ ತಂದ ಒಂದು ಟೀವಿ. ಮಗ್ಗದ ಮಾಲೀಕರೆಲ್ಲ ಮುಂದಿನ ಕುರ್ಚಿಗಳಲ್ಲಿದ್ದರು. ಮೇಸ್ತ್ರಿ ಒಗೆದ ಬಿಳಿ ಶರ್ಟು, ಪ್ಯಾಂಟು ಹಾಕಿಕೊಂಡು ಮಗಳ ಪಕ್ಕ ಕೂತಿದ್ದರು. ಅವರನ್ನು ಪ್ಯಾಂಟಿನಲ್ಲಿ ನಾನು ನೋಡಿದ್ದು ಅದೇ ಮೊದಲು.

ಬಹುಮಾನ ಕೊಟ್ಟಾದ ಮೇಲೆ, ಈಗ ಒಂದು ವಿಶೇಷ ಬರಹ ಎಂದು ಮೈಕಿನಲ್ಲಿ ಹೇಳಿ ಒಂಬತ್ತನೆಯ ನಂಬರನ್ನು ಓದತೊಡಗಿದೆ. ರಾಗ ಎಳೆದೆ, ಹುಬ್ಬು ಹಾರಿಸಿದೆ, "ಮದ್ಯೆ" ಬಂದಾಗ ಕುಡಿದವನಂತೆ ತೂರಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಮೇಸ್ತ್ರಿಯೂ ಸುತ್ತ ನೋಡಿ ನಕ್ಕರು, ಚಪ್ಪಾಳೆ ತಟ್ಟಿದರು. ನನಗೆ ಅಷ್ಟಕ್ಕೆ ಸಾಕಾಗಲಿಲ್ಲ. ಟೀವಿಯಲ್ಲಿ ಆ ಆಟವನ್ನೇ ಹಾಕಿಸಿ, ಮೈಕನ್ನು ಅದರ ಬಾಯಿಗೆ ಹಿಡಿದೆ. ಕೀರಲು ಸಂಗೀತ ಇಡೀ ಬೀದಿಗೆ ಕೇಳಿಸಿತು.

"ಮೇಸ್ತ್ರೀ, ಈಗ ಹೇಳಿ, ಸದ್ದು ಇದೆಯೋ ಇಲ್ವೋ?" ಎಂದೆ.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಟೀವಿಯನ್ನು ನೋಡಿದರು. ಎದ್ದು ನಿಂತು, ಸಂಕೋಚದಿಂದ ನಗುತ್ತ, "ಅದೇ ಕಣಪ್ಪಾ, ಎಷ್ಟು ಚೆನ್ನಾಗದೆ ನೋಡು, ಒಂಚೂರೂ ಸದ್ದಿಲ್ದೆ" ಎಂದರು.

ನಗು ಅಲ್ಲಲ್ಲೇ ನಿಂತುಹೋಯಿತು. ಮೈಕಿನಲ್ಲಿ ಸಂಗೀತ ಮಾತ್ರ ಕುಣಿಯುತ್ತಲೇ ಇತ್ತು. ಹಿಂದಿನಿಂದ ಯಾರೋ, "ಲೇ, ಮೇಸ್ತ್ರಿಗೆ ಕಿವೀನೇ ಕೇಳ್ಸಲ್ಲ ಕಣ್ರೋ" ಎಂದರು. ಮುಂದಿನ ಸಾಲಿನಲ್ಲಿದ್ದ ಮಾಲೀಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳು ಅಪ್ಪನ ಶರ್ಟು ಹಿಡಿದು ಎಳೆದು ಕೂರಿಸಿದಳು. ಏನು ನಡೆಯಿತೆಂದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು… ನಾನು ಟೀವಿ ಆರಿಸಿದೆ.

ಮನೆಗೆ ಬಂದಾಗ ಅಪ್ಪ ಮಗ್ಗದ ಹಾಲಿನಲ್ಲೇ ಕೂತಿದ್ದರು. ಬೈಯುತ್ತಾರೆ ಎಂದುಕೊಂಡೆ.

"ಎರಡು ವರ್ಷದಿಂದ ನಂಗೊತ್ತಿತ್ತು ಕಣೋ" ಎಂದರು. "ದೊಡ್ಡ ಸದ್ದು ಒಂದಿಷ್ಟು ಕೇಳ್ಸತ್ತೆ, ಸಣ್ಣ ಸದ್ದು ಕೇಳ್ಸಲ್ಲ. ಮಗ್ಗದ ಮನೇಲಿ ಎಲ್ರೂ ಕಿರುಚ್ಕೊಂಡೇ ಮಾತಾಡ್ತೀವಿ, ಕೈಸನ್ನೆ ಮಾಡ್ತೀವಿ, ಹಂಗಾಗಿ ನಡ್ಕೊಂಡು ಹೋಗ್ತಿತ್ತು. ಅಂಗೈ ಇಟ್ಟೇ ಅವರು ರೋಗ ಹಿಡಿಯೋದು. ಕೆಲಸ ಕೆಟ್ಟಿತ್ತಾ? ಇಲ್ವಲ್ಲ. ಅದಕ್ಕೆ ಸುಮ್ನಿದ್ದೆ."

"ನಂಗೆ ಗೊತ್ತಿರ್ಲಿಲ್ಲಪ್ಪಾ" ಎಂದೆ.

"ನಿಂಗೆ ಗೊತ್ತಾಗ್ಬೇಕಿತ್ತು. ಓದ್ದೋನು ನೀನು" ಎಂದು ಎದ್ದು ಒಳಗೆ ಹೋದರು.

ಮೇಸ್ತ್ರಿಯನ್ನು ಯಾರೂ ಕರೆದು, ಇನ್ನು ಬರಬೇಡಿ ಎನ್ನಲಿಲ್ಲ. ಕೆಲಸಕ್ಕೆ ಕರೆಯುವುದನ್ನು ಬಿಟ್ಟರು, ಅಷ್ಟೆ. ಕಿವುಡರಿಗೆ ಮಗ್ಗ ಒಪ್ಪಿಸುವುದು ಹೇಗೆ ಎಂದು ಒಬ್ಬರು ಅಂದರು, ಉಳಿದವರು ತಲೆಯಾಡಿಸಿದರು. ಅವೇ ಮಗ್ಗಗಳನ್ನು ಅದೇ ಕೈ ಹಿಂದಿನ ವಾರ ಸರಿಮಾಡಿತ್ತು ಎಂಬುದು ಯಾರಿಗೂ ನೆನಪಾಗಲಿಲ್ಲ. ತಾಲ್ಲೂಕಿನ ಇನ್ನೊಂದು ಕಡೆಯಿಂದ ಒಬ್ಬ ಹೊಸ ಫಿಟ್ಟರ್ ಬೈಕಿನಲ್ಲಿ ಬರತೊಡಗಿದ. ಮೂರು ತಿಂಗಳು ಮೇಸ್ತ್ರಿ ನಮ್ಮ ಎರಡು ಮಗ್ಗ ಮತ್ತು ಇನ್ನೊಂದೆರಡು ಮನೆ ನಂಬಿಕೊಂಡು ಇದ್ದರು. ವಿಡಿಯೋ ಗೇಮ್ ಅಂಗಡಿಗೆ ಮತ್ತೆ ಕಾಲಿಡಲಿಲ್ಲ. ನಾನು ಅವರನ್ನು ದೂರದಲ್ಲಿ ಕಂಡರೆ ಪಕ್ಕದ ಸಂದಿಗೆ ತಿರುಗುತ್ತಿದ್ದೆ. ಕ್ಷಮೆ ಕೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಅದಕ್ಕೆ ಜೋರಾಗಿ ಕಿರುಚಬೇಕಲ್ಲ, ಬೀದಿಗೆಲ್ಲ ಕೇಳಿಸುತ್ತದಲ್ಲ ಎಂದು ಹಿಂಜರಿಯುತ್ತಿದ್ದೆ. ಅವರನ್ನು ಆಡಿಕೊಳ್ಳುವಾಗ ಮೈಕು ಹಿಡಿದಿದ್ದವನು ನಾನೇ.

ನಮ್ಮೂರಿಗೆ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತು. ಯಂತ್ರ ಒರೆಸಿ ಎಣ್ಣೆ ಬಿಡುವ ಕೆಲಸ. ಊರು ಬಿಡುವ ಹಿಂದಿನ ದಿನ ನಮ್ಮ ಮಗ್ಗಗಳಿಗೆ ಕೊನೆಯ ಸಲ ಎಣ್ಣೆ ಬಿಡಲು ಬಂದರು. ಅಪ್ಪ ಮನೆಯಲ್ಲಿರಲಿಲ್ಲ. ತಪ್ಪಿಸಿಕೊಳ್ಳಲು ನನಗೆ ದಾರಿಯಿರಲಿಲ್ಲ. ಕೆಲಸ ಮುಗಿಸಿ, ಗೋಡೆಯ ಮೇಲೆ ದಿನ ಬರೆದು, ನನ್ನ ಎದುರಿಗೆ ಬಂದು ನಿಂತರು.

"ಒಂದು ಕೇಳ್ತೀನಿ, ನಿಧಾನಕ್ಕೆ ಹೇಳು, ತುಟಿ ನೋಡ್ಕೋತೀನಿ" ಎಂದರು. "ಆ ಇಟ್ಟಿಗೆ ಆಟದ್ದು ಸದ್ದು… ಹೆಂಗಿರತ್ತಪ್ಪಾ ಅದು?"

ಇಪ್ಪತ್ತೊಂದು ಜನರ ಬರಹ ಅಳೆದು, ವರ್ಣನೆ ಸಾಲದು ಎಂದು ಎಷ್ಟೋ ಹಾಳೆಗಳ ಮೇಲೆ ಷರಾ ಬರೆದವನು ನಾನು. ಅದು ಕುಣಿಯುವ ಸಂಗೀತ, ಇಟ್ಟಿಗೆ ಮೇಲೆ ಬಂದಂತೆ ಅವಸರವಾಗುತ್ತದೆ ಎಂದು ಹೇಳಬಹುದಿತ್ತು. ಅವರ ಅಂಗೈ ಹಿಡಿದು ಬೆರಳಿನಲ್ಲಿ ತಾಳ ತಟ್ಟಿ ತೋರಿಸಬಹುದಿತ್ತು. ಆ ಅಂಗೈಗೆ ಎಲ್ಲವೂ ಗೊತ್ತಾಗುತ್ತಿತ್ತು. ನಾನು ಅವರ ಮುಖ ನೋಡಲಾರದೆ, "ಏನಿಲ್ಲ ಮೇಸ್ತ್ರಿ, ಸುಮ್ನೆ ಕುಯ್ ಕುಯ್ ಅನ್ನತ್ತೆ" ಎಂದುಬಿಟ್ಟೆ.

"ಹಂಗಾದ್ರೆ ಕೇಳ್ದೆ ಇದ್ದಿದ್ದೇ ವಾಸಿ" ಎಂದು ನಕ್ಕು, ನನ್ನ ಭುಜ ತಟ್ಟಿ, ಎಣ್ಣೆ ಡಬ್ಬಿ ಎತ್ತಿಕೊಂಡು ಹೋದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಆಮೇಲೆ ನಾನು ಕನ್ನಡ ಮೇಷ್ಟ್ರಾದೆ. ವಿಜಯಪುರ ಎಷ್ಟು ದೂರ? ಬಸ್ಸು ಹತ್ತಿದರೆ ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರಬಹುದಿತ್ತು. ಹೋಗಲಿಲ್ಲ. ಇಪ್ಪತ್ತು ವರ್ಷಕ್ಕೂ ಮೀರಿ ಹೋಗಲಿಲ್ಲ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟ ಮರುವಾರ ಹೋದೆ. ಹುಡುಕುವುದು ಕಷ್ಟವಾಗಲಿಲ್ಲ. ಮಗಳ ಮನೆಯ ಹಾಲಿನಲ್ಲಿ ಮೇಸ್ತ್ರಿಯ ಪಟಕ್ಕೆ ಹಾರ ಹಾಕಿತ್ತು. ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಕೊನೆಗೆ ಏನೂ ಕೇಳಿಸುತ್ತಿರಲಿಲ್ಲವಂತೆ.

ನಾನು ಯಾರೆಂದು ಹೇಳಿದ ಕೂಡಲೇ ಆಕೆಯ ಮುಖ ಅರಳಿತು. "ಅಯ್ಯೋ, ನೀವಾ ಅಣ್ಣಾ! ಅಪ್ಪ ಬಂದೋರಿಗೆಲ್ಲ ಹೇಳ್ತಿದ್ರು, ನಾನು ಬರ್ದಿದ್ದನ್ನ ಸಭೇಲಿ ಮೈಕಲ್ಲಿ ಓದಿದ್ರು, ಜನ ಎಲ್ಲ ಖುಷಿಪಟ್ರು ಅಂತ. ನಾನೂ ಬಂದಿದ್ದೆ ಅಂತಾರೆ. ಆಗ ಚಿಕ್ಕೋಳು, ಅಪ್ಪನ್ನ ಎಳೆದು ಕೂರ್ಸಿದ್ದೊಂದು ನೆನಪು. ಎಷ್ಟನೇ ಬಹುಮಾನ ಬಂದಿತ್ತಣ್ಣಾ ಅಪ್ಪಂಗೆ?"

ನನ್ನ ದನಿಯಲ್ಲಿದ್ದ ಕುಹಕ ಮೇಸ್ತ್ರಿಗೆ ಕೇಳಿಸಿರಲೇ ಇಲ್ಲವೋ, ತಿಳಿದೂ ಮಗಳ ಮುಂದೆ ಹಾಗೆ ಹೇಳಿಕೊಂಡು ಬಂದರೋ, ನನಗೆ ಗೊತ್ತಿಲ್ಲ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದವನು ನಾನು. ಆಕೆ ಕಾಫಿ ಲೋಟ ಹಿಡಿದು ಕಾಯುತ್ತಿದ್ದರು.

"ಮೊದಲನೇದು" ಎಂದೆ.

ಆಕೆ ಒಳಗೆ ಓದುತ್ತಿದ್ದ ತಮ್ಮ ಮಗಳನ್ನು ಕೂಗಿ ಕರೆದು, "ನೋಡೇ, ತಾತಂಗೆ ಫಸ್ಟ್ ಪ್ರೈಜ್ ಬಂದಿತ್ತಂತೆ" ಎಂದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಒಂಬತ್ತನೆಯ ನಂಬರಿಗೆ ಮೊದಲ ಬಹುಮಾನ ಸಲ್ಲಬೇಕಿತ್ತು ಎಂಬುದು ನಿಜ. ಆದರೆ ನಾನು ಅದನ್ನು ಕೊಡಲಿಲ್ಲ. ಅದನ್ನು ಪಡೆಯಬೇಕಾದವರೂ ಈಗ ಇಲ್ಲ. ಇದು ಅಚ್ಚಾದರೆ ಒಂದು ಪ್ರತಿಯನ್ನು ವಿಜಯಪುರಕ್ಕೆ ನಾನೇ ಒಯ್ದು ಆಕೆಯ ಕೈಗೆ ಕೊಡಬೇಕೆಂದಿದ್ದೇನೆ. ಆಕೆ ಓದಿ ಮುಗಿಸುವವರೆಗೂ ಎದುರಿಗೇ ಕೂತಿರಬೇಕೆಂದಿದ್ದೇನೆ. ಅಷ್ಟು ಧೈರ್ಯ ಬರುತ್ತದೋ ಇಲ್ಲವೋ… ಇವತ್ತಿನ ತನಕವಂತೂ ಬಂದಿಲ್ಲ.